ಮುದಿ ನಕ್ಷತ್ರಗಳ ಮನೆಯಲ್ಲಿ ಈ ಬಿಸಿ ಯಾರದ್ದು? (ಭಾಗ 4)

ಹ್ವಾಯ್, ನವೆಂಬರ್ ಕೊನೆಗೆ ರಾತ್ರಿ ಎಂಟೂವರೆ ಹೊತ್ತಿಗೆ ಮರವಂತೆಯಲ್ಲಿ ಹೈವೇ ಲೈಟ್ ಕಣ್ಣಿಗೆ ಹೊಡೆಯದ ಕಡೆ ನಿಂತು, ಬೈಂದೂರು ದಿಕ್ಕಿಗೆ ಮುಖ ಮಾಡಿ ಮೇಲೆ ಕಾಣಿ. ನೆತ್ತಿಯಿಂದ ಸ್ವಲ್ಪ ಕೆಳಗೆ, ಚಾಕ್‌ಪೀಸ್ ಒರೆಸಿದ ಹಾಗೆ ಒಂದು ಮಸುಕು. ಅದೇ ಆಂಡ್ರೊಮಿಡಾ ಗ್ಯಾಲಕ್ಸಿ, 25 ಲಕ್ಷ ಜ್ಯೋತಿರ್ವರ್ಷ ದೂರ. ಬರಿಗಣ್ಣಿಗೆ ಸಿಗುವುದು ಹೆಚ್ಚುಕಡಿಮೆ ಅದರ ನಡುಭಾಗ ಮಾತ್ರ. ಇವತ್ತಿನ ಕಥೆ ಅದರದ್ದೇ.

ಅಲ್ಲಿ ಇರುವವು ಬಹುಪಾಲು ಮುದಿ ನಕ್ಷತ್ರಗಳು, ಕೆಂಪು, ತಣ್ಣಗಿನವು. ಅಂಥವು ನೇರಳಾತೀತ ಬೆಳಕು ಕೊಡುವುದು ತೀರಾ ಕಮ್ಮಿ. ಆದ್ರೆ 1968ರ ಡಿಸೆಂಬರ್‌ನಲ್ಲಿ ಹಾರಿದ ನಾಸಾದ ಓಎಓ-2 ಉಪಗ್ರಹ ನೋಡಿದಾಗ ನೇರಳಾತೀತ ಜೋರಾಗಿಯೇ ಇತ್ತು! ಹೊಸದಾಗಿ ಹುಟ್ಟಿದ ನಕ್ಷತ್ರಗಳಾ? ಅಥವಾ ಹೊರಪದರ ಕಳಚಿಕೊಂಡು ಒಳಗಿನ ಬಿಸಿ ತೋರಿಸುವ ಮುದುಕರೇನಾ? ಹಬಲ್ ಬಂದ ಮೇಲೆ ಎರಡನೆಯ ಉತ್ತರಕ್ಕೇ ಬಲ ಬಂತು. ಆದರೆ ಹಬಲ್‌ನ ಒಂದೊಂದು ಚಿತ್ರದ ಹರವು ಬಹಳ ಚಿಕ್ಕದು ಮಾರಾಯ್ರೆ.

ಇಲ್ಲಿಗೆ ನಮ್ಮವರು ಬಂದರು. ನೇರಳಾತೀತವನ್ನು ಓಝೋನ್ ತಡೆಯುವುದರಿಂದ ದೂರದರ್ಶಕ ಆಕಾಶಕ್ಕೇ ಹೋಗಬೇಕು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯವರು ಹೊಸಕೋಟೆಯ ಲ್ಯಾಬ್‌ನಲ್ಲಿ ಯುವಿಐಟಿ ಜೋಡಿಸಿದರು. 38 ಸೆಂ.ಮೀ. ಕನ್ನಡಿಯ ಎರಡು ದೂರದರ್ಶಕ, ಅಂದ್ರೆ ಕನ್ನಡಿ ಊಟದ ದೊಡ್ಡ ಹರಿವಾಣದಷ್ಟು. ನಂಗೆ ತುಂಬ ಇಷ್ಟ ಆದ ಭಾಗ ಇಲ್ಲುಂಟು: ಕನ್ನಡಿ ಮೇಲೆ ಕಣ್ಣಿಗೆ ಕಾಣದಷ್ಟು ಜಿಡ್ಡು ಕೂತರೂ ಅದು ನೇರಳಾತೀತವನ್ನು ನುಂಗಿಬಿಡುತ್ತದೆ. ಹಾಗಾಗಿ 2015ರ ಸೆಪ್ಟೆಂಬರ್ 28ಕ್ಕೆ ಆಸ್ಟ್ರೋಸ್ಯಾಟ್ ಹಾರಿದರೂ ಮುಚ್ಚಳ ತೆಗೆಯಲಿಲ್ಲ. ಉಪಗ್ರಹದೊಳಗೆ ಉಳಿದ ಅನಿಲವೆಲ್ಲ ಹೊರಗೆ ಹೋಗಲಿ ಅಂತ ಎರಡು ತಿಂಗಳು ಕಾದರು. ಅಷ್ಟು ವರ್ಷದ ಕೆಲಸ ಮೇಲೆ ಸುತ್ತುತ್ತಿರುವಾಗ ಸುಮ್ಮನೆ ಕಾಯುವುದು ಸುಲಭವಾ ಹೇಳಿ!

ಕಾದದ್ದಕ್ಕೆ ಫಲ ಸಿಕ್ತು. ಒಂದೇ ಚಿತ್ರದಲ್ಲಿ ಹುಣ್ಣಿಮೆ ಚಂದ್ರನಷ್ಟು ಅಗಲದ ಆಕಾಶ, ನಾಸಾದ ಗ್ಯಾಲೆಕ್ಸ್‌ಗಿಂತ ಮೂರು ಪಟ್ಟು ಚೊಕ್ಕ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೆನಿಸ್ ಲೀಹಿ ಮತ್ತು ಜೊತೆಗಾರರು ಆ ನಡುಭಾಗವನ್ನು ಬೇರೆ ಬೇರೆ ಫಿಲ್ಟರ್‌ನಲ್ಲಿ ನೋಡಿ, ಹಬಲ್ ಮಾಹಿತಿಯ ಜೊತೆ ತಾಳೆ ಹಾಕಿದರು. ಮುದುಕರ ಗುಂಪಿನಲ್ಲಿ ಬಿಸಿಯಾದ ಎಳೆಯ ನಕ್ಷತ್ರಗಳೂ ಇರುವುದಕ್ಕೆ ಸಾಕ್ಷಿ ಇದೆ ಎಂದು 2018ರಲ್ಲಿ ಬರೆದರು. ಅಂದ್ರೆ ಹಳೆಯ ಪ್ರಶ್ನೆಗೆ "ಇದೇ" ಅಂತ ಒಂದೇ ಉತ್ತರ ಇಲ್ಲ.

ಅದೇ 2018ರಲ್ಲಿ ಎರಡು ಸಂಗತಿ ಆಯ್ತು. ಆಸ್ಟ್ರೋಸ್ಯಾಟ್ ಸಿದ್ಧವಾದ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ನಮ್ಮ ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಹೆಸರಿಟ್ಟರು. ಇನ್ನೊಂದು ಬೇಜಾರಿನದ್ದು, ಯುವಿಐಟಿಯ ಸಮೀಪ-ನೇರಳಾತೀತ ಕಣ್ಣು ಕೆಟ್ಟಿತು. ದೂರ-ನೇರಳಾತೀತದ್ದು ಉಳಿಯಿತು. 2020ರಲ್ಲಿ ಆಂಡ್ರೊಮಿಡಾದ ನೇರಳಾತೀತ ಬಿಂದುಗಳ ದೊಡ್ಡ ಪಟ್ಟಿಯೂ ಹೊರಬಂತು.