ಶಿಕಾಗೋದ ಗಡಿಯಾರ, ಪೋರ್ಟರ್‌ಗಳ ಗಂಟೆ



ಮೇ 1 ಬಂತು ಅಂದ್ರೆ ಶಿಕಾಗೋ ಹೆಸರು ಎಲ್ಲರ ಬಾಯಲ್ಲೂ. ಹೇಮಾರ್ಕೆಟ್, ಎಂಟು ಗಂಟೆ ಕೆಲಸ, 1887ರಲ್ಲಿ ನೇಣಿಗೇರಿದ ನಾಲ್ವರು. ಹೇಳಲೇಬೇಕಾದ ಕಥೆ ಅದು. ಆದ್ರೆ ಮಿಷಿಗನ್ ಸರೋವರದ ದಂಡೆಯ ಅದೇ ಊರಲ್ಲಿ ಇನ್ನೊಂದು ಕಥೆ ಇದೆ, ಗಡಿಯಾರದ್ದು.

ಶಿಕಾಗೋ ಇರುವ ಇಲಿನಾಯ್ ರಾಜ್ಯ ಎಂಟು ಗಂಟೆಯ ಕಾನೂನನ್ನ 1867ರಲ್ಲೇ ಮಾಡಿತ್ತು. ಹೌದು, ಹೇಮಾರ್ಕೆಟ್‌ಗಿಂತ 19 ವರ್ಷ ಮೊದಲು. ಆದ್ರೆ ಬೇರೆ ಒಪ್ಪಂದ ಇದ್ದರೆ ಅನ್ವಯಿಸಲ್ಲ ಅಂತ ಒಂದು ಸಾಲು ಅದರಲ್ಲೇ ಇತ್ತು. ಮಾಲೀಕರಿಗೆ ಅಷ್ಟು ಸಾಕಾಯ್ತು. ಹೆಚ್ಚು ಗಂಟೆ ದುಡಿಯೋಕೆ ಒಪ್ಪಿದವನಿಗೇ ಕೆಲಸ. ಕಾರ್ಮಿಕರು ಮುಷ್ಕರ ಹೂಡಿದ್ರು, ಮುರಿದುಬಿತ್ತು.

ಆಗ ಪ್ರತಿ ಊರಿಗೂ ಅದರದೇ ಸೂರ್ಯನ ಸಮಯ. 1883ರ ಅಕ್ಟೋಬರ್‌ನಲ್ಲಿ ರೈಲ್ವೆ ಕಂಪನಿಗಳವರು ಶಿಕಾಗೋದಲ್ಲಿ ಸೇರಿ ಇಡೀ ದೇಶವನ್ನ ಕಾಲವಲಯಗಳಾಗಿ ಹಂಚಿದ್ರು. ನವೆಂಬರ್ 18ರ ಭಾನುವಾರ ಶಿಕಾಗೋ ತನ್ನ ಗಡಿಯಾರ ಸುಮಾರು 9 ನಿಮಿಷ ಹಿಂದಕ್ಕೆ ಇಟ್ಟುಕೊಳ್ತು. ಅಮೆರಿಕದ ಸಂಸತ್ತು ಇದಕ್ಕೆ ಕಾನೂನು ಮಾಡಿದ್ದು 1918ರಲ್ಲಿ! ಕಾನೂನಿದ್ದ ಎಂಟು ಗಂಟೆ ಜಾರಿಯಾಗಲಿಲ್ಲ, ಕಾನೂನಿಲ್ಲದ ರೈಲ್ವೆ ಟೈಮು ಒಂದೇ ದಿನದಲ್ಲಿ ಜಾರಿಯಾಯ್ತು. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿಯೂ 1918ರ ಆ ಕಾನೂನಲ್ಲೇ ಬಂತು. ಮರುವರ್ಷ ಸಂಸತ್ತು ಅದನ್ನ ಕೈಬಿಟ್ರೂ ಶಿಕಾಗೋ ನಗರ 1920ರಿಂದ ತಾನೇ ಮುಂದುವರಿಸ್ತು. 1936ರಲ್ಲಂತೂ ಎಂಟು ತಿಂಗಳ ಮೇಲೆ ನ್ಯೂಯಾರ್ಕ್ ಟೈಮಲ್ಲೇ ಬದುಕಿತು.

ಈಗ ಪುಲ್‌ಮನ್ ಕಂಪನಿಗೆ ಬನ್ನಿ. ಅದೂ ಶಿಕಾಗೋದ್ದೇ, ಅದೂ 1867ರದ್ದೇ. ರೈಲಿನ ಮಲಗುವ ಬೋಗಿಗಳ ಕಂಪನಿ. ಹಾಸಿಗೆ ಹಾಸೋಕೆ, ಬೂಟು ಪಾಲಿಶ್ ಮಾಡೋಕೆ ಗುಲಾಮಗಿರಿಯಿಂದ ಆಗಷ್ಟೇ ಹೊರಬಂದ ಕಪ್ಪು ಜನರನ್ನೇ ಹುಡುಕಿ ತಗೊಂಡ್ರು. ಪ್ರಯಾಣಿಕರು ಅವರೆಲ್ಲರನ್ನೂ 'ಜಾರ್ಜ್' ಅಂತಲೇ ಕರೀತಿದ್ರು, ಮಾಲೀಕ ಜಾರ್ಜ್ ಪುಲ್‌ಮನ್ ಹೆಸರಲ್ಲಿ. (ನಮ್ಮ ಅಜ್ಜ-ತಾತಂದಿರಿಗೂ ಊರಲ್ಲಿ ಹೆಸರಿರಲಿಲ್ಲ ಬಿಡಿ.) ತಿಂಗಳಿಗೆ 400 ಗಂಟೆ ಕೆಲಸ. ರೈಲು ಹೊರಡೋ ಮೊದಲು ಬೋಗಿ ಸಿದ್ಧ ಮಾಡುವ ಹೊತ್ತು ಲೆಕ್ಕಕ್ಕೇ ಇಲ್ಲ.

ನಾನು ಗುಮಾಸ್ತ. ಬೆಳಗ್ಗೆ ಬೆರಳು ಒತ್ತಿದ ನಿಮಿಷದಿಂದ ನನ್ನ ಹಾಜರಿ ಶುರು. ಅಷ್ಟೊತ್ತಿಗೆ ನಮ್ಮ ಮಹಡಿ ಗುಡಿಸಿ ಒರೆಸಿ ಆಗಿರುತ್ತೆ. ಗುಡಿಸಿದ ಅಕ್ಕನ ಬೆರಳು ಆ ಮಶೀನಿಗೆ ಗೊತ್ತಿಲ್ಲ, ಅವರು ಗುತ್ತಿಗೆ.

1916ರಲ್ಲಿ ಅಮೆರಿಕದ ರೈಲು ನೌಕರರಿಗೆ ಎಂಟು ಗಂಟೆ ಸಿಕ್ತು. ಡ್ರೈವರಿಗೆ ಸಿಕ್ತು, ಗಾರ್ಡಿಗೆ ಸಿಕ್ತು, ಪೋರ್ಟರ್‌ಗೆ ಇಲ್ಲ. ಬಿಳಿಯರ ಸಂಘಗಳು ಕಪ್ಪು ಜನರನ್ನ ಒಳಗೇ ಬಿಟ್ಟುಕೊಳ್ತಿರಲಿಲ್ಲ. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ ಪೋರ್ಟರ್‌ಗಳು ತಮ್ಮದೇ ಸಂಘ ಕಟ್ಟಿದ್ರು. ಕಂಪನಿ ಸಹಿ ಹಾಕಿದ್ದು 1937ರ ಆಗಸ್ಟ್ 25ಕ್ಕೆ. 400 ಗಂಟೆ 240ಕ್ಕೆ ಇಳೀತು.

ಇಲ್ಲಿ ನಮ್ಮವರಿಗೂ ಒಂದು ಮಾತು. ಬಾಬಾಸಾಹೇಬರು 14 ಗಂಟೆಯನ್ನ 8ಕ್ಕೆ ಇಳಿಸಿದ್ರು ಅಂತ ಫಾರ್ವರ್ಡ್ ಮಾಡ್ತೀವಲ್ಲ, ಸರಿಯಾಗಿ ಹೇಳೋಣ. 1934ರ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರಕ್ಕೆ 54 ಗಂಟೆ ಇತ್ತು. ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಬಾಬಾಸಾಹೇಬರು 1946ರಲ್ಲಿ ತಂದ ತಿದ್ದುಪಡಿ ಅದನ್ನ 48 ಮಾಡ್ತು. ಈ ಸತ್ಯವೇ ಸಾಕಷ್ಟು ದೊಡ್ಡದು.

2023ರಲ್ಲಿ ನಮ್ಮ ಕರ್ನಾಟಕ ಆ 48ನ್ನ ಹಾಗೇ ಇಟ್ಟು, ದಿನಕ್ಕೆ 12 ಗಂಟೆವರೆಗೂ ದುಡಿಸೋಕೆ ಕಾಯ್ದೆ ತಿದ್ದಿತು. ಅದರಲ್ಲೂ ಒಂದು ಸಾಲಿದೆ: ಕಾರ್ಮಿಕನ ಲಿಖಿತ ಒಪ್ಪಿಗೆ ಇರಬೇಕಂತೆ.