ಹಳೆಯ ಹಾರ್ಮೋನಿಯಂ: ಬೆಲೆ ಕಟ್ಟುವ ಬಗೆ (ಹಾವೇರಿ ಜಿಲ್ಲೆ)

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಭಜನಾ ಮೇಳ, ಮಠ, ನಾಟಕ ಮಂಡಳಿ ಮತ್ತು ಸಂಗೀತದ ಮನೆತನಗಳಲ್ಲಿ ಎರಡು ಮೂರು ತಲೆಮಾರು ಬಾಳಿದ ಹಾರ್ಮೋನಿಯಂಗಳು, ಅಂದರೆ ಪೇಟಿಗಳು, ಆಗಾಗ ಮಾರಾಟಕ್ಕೆ ಬರುತ್ತವೆ. ಅವುಗಳ ಯೋಗ್ಯ ಬೆಲೆ ನಿಂತಿರುವುದು ಒಳಗಿನ ರೀಡು ಮತ್ತು ತಿದಿಯ ಮೇಲೆ. ಹೊರಗಿನ ಪಾಲಿಶ್ ನೋಡಿ ಕೊಂಡವರು ಮೋಸ ಹೋಗುವುದೇ ಹೆಚ್ಚು.

ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಯ್ನ್ 1840ರಲ್ಲಿ ಪೇಟೆಂಟ್ ಪಡೆದ, ಕಾಲಿನಿಂದ ತುಳಿದು ನುಡಿಸುವ ವಾದ್ಯ ಇದರ ಮೂಲ. ನೆಲದ ಮೇಲೆ ಕುಳಿತು ನುಡಿಸುವ ಕೈಪೇಟಿಯನ್ನು 1875ರ ಸುಮಾರಿಗೆ ರೂಪಿಸಿದವರು ಕೋಲ್ಕತ್ತದ ದ್ವಾರಕಾನಾಥ ಘೋಷ್. ಹಾವೇರಿ ಸೀಮೆಯಲ್ಲಿ ಪೇಟಿ ಮನೆಮಾತಾದುದರಲ್ಲಿ ಗವಾಯಿಗಳ ಪಾಲು ದೊಡ್ಡದು. ಪಂಚಾಕ್ಷರಿ ಗವಾಯಿ (1892–1944) ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯವರು. ಅವರ ಶಿಷ್ಯ ಪುಟ್ಟರಾಜ ಗವಾಯಿ (1914–2010) ಅದೇ ತಾಲೂಕಿನ ದೇವಗಿರಿಯವರು. ಇವರಿಬ್ಬರೂ ನಡೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಊರೂರಿಗೆ ಪೇಟಿ ಮಾಸ್ತರರಾಗಿ ಹೋದರು. ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದ ಶರೀಫರ ತತ್ವಪದಗಳಿಗೂ ಇಂದು ಪೇಟಿಯೇ ಜೊತೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಾಗಲೂ ಇಲ್ಲಿನ ಭಜನೆ, ನಾಟಕಗಳು ಅದನ್ನು ಬಿಡಲಿಲ್ಲ.

ಪರೀಕ್ಷೆ ರೀಡಿನಿಂದ ಶುರುವಾಗಬೇಕು. ಜರ್ಮನಿಯ ಜುಬಿಲೇಟ್, ಪ್ಯಾರಿಸ್ಸಿನ ಕಾಸ್ರಿಯೇಲ್ ರೀಡುಗಳಿಗೆ ನುಡಿಸುವವರಲ್ಲಿ ಬಹಳ ಬೆಲೆಯಿದೆ. ಗುಜರಾತಿನ ಪಾಲಿತಾಣಾದ ರೀಡುಗಳೂ ಹೆಸರಾದವು. ಆದರೆ ಪೆಟ್ಟಿಗೆಗೆ ಬಡಿದ ಹೆಸರಿನ ತಗಡು ಸಾಕ್ಷಿಯಲ್ಲ. ಹಲಗೆ ಬಿಚ್ಚಿಸಿ ನೋಡಬೇಕು. ಹಿತ್ತಾಳೆಯ ಬಣ್ಣ, ರಿವೆಟ್, ಅಚ್ಚೊತ್ತಿದ ಅಕ್ಷರ ಸಾಲಿನುದ್ದಕ್ಕೂ ಒಂದೇ ತೆರನಾಗಿದ್ದರೆ ಸೆಟ್ ಮೂಲದ್ದಿರಬಹುದು. ನಡುವೆ ನಾಲ್ಕೈದು ಬೇರೆಯಾಗಿ ಕಂಡರೆ ಅವು ಆಮೇಲೆ ಕೂಡಿಸಿದವು. ರೀಡಿನ ನಾಲಿಗೆಯ ಮೇಲೆ ಅರದ ಗೀರುಗಳನ್ನೂ ಹುಡುಕಬೇಕು. ತುದಿಯಲ್ಲಿ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಶ್ರುತಿ ಮಾಡಲು ಮತ್ತೆ ಮತ್ತೆ ಉಜ್ಜಿಸಿಕೊಂಡ ನಾಲಿಗೆ ತೆಳುವಾಗಿ ಮುರಿಯುವ ಹಂತಕ್ಕೆ ಬಂದಿರುತ್ತದೆ, ಹೊರಗೆ ಎಷ್ಟೇ ಇಂಪಾಗಿ ಕೇಳಲಿ. ಹಳೆಯ ಪೇಟಿಯ ಶ್ರುತಿ ಇಂದಿನದಕ್ಕಿಂತ ಕೆಳಗಿರುವುದೂ ಉಂಟು. ಒಬ್ಬರೇ ಹಾಡಿಕೊಳ್ಳಲು ಅದು ಅಡ್ಡಿಯಲ್ಲ. ಕೊಳಲು, ಕೀಬೋರ್ಡುಗಳ ಜೊತೆ ನುಡಿಸುವವರಿಗೆ ಪೂರಾ ಸೆಟ್ ಶ್ರುತಿ ಮಾಡಿಸುವ ಖರ್ಚು ಬೀಳುತ್ತದೆ.

ತಿದಿಯ ಪರೀಕ್ಷೆ ಸುಲಭ. ಗಾಳಿ ತುಂಬಿ, ಸ್ಟಾಪರ್ ಎಲ್ಲ ಮುಚ್ಚಿ, ಯಾವ ಮನೆಯನ್ನೂ (ಕೀಲಿಯನ್ನೂ) ಒತ್ತದೆ ಕಿವಿಗೊಡಬೇಕು. ಸುಸ್ಸೆನ್ನುವ ಸದ್ದು ಬಂದರೆ ಎಲ್ಲೋ ಸೋರಿಕೆಯಿದೆ. ಸೋರಿಕೆ ತಿದಿಯ ಬಟ್ಟೆ, ಚರ್ಮದ್ದಾದರೆ ದುರಸ್ತಿ ಸಾಧ್ಯ; ರೀಡು ಕೂರಿಸಿದ ಹಲಗೆಯೇ ಸೀಳಿದ್ದರೆ ಬೆಲೆ ಅರ್ಧಕ್ಕಿಂತ ಕೆಳಗಿಳಿಸಿ ಕೇಳುವುದು ನ್ಯಾಯ. ಹಾನಗಲ್ಲ ಮಲೆನಾಡಿನ ಅಂಚು. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ, ಬಿಸಿಲಿಗೆ ಬಹುಮಟ್ಟಿಗೆ ಸಡಿಲಾಗುತ್ತವೆ. ಅದನ್ನೇ ದೊಡ್ಡ ದೋಷವೆಂದು ತೋರಿಸಿ ಬೆಲೆ ಇಳಿಸುವುದು ಮಾರುವವರಿಗೆ ಮಾಡುವ ಅನ್ಯಾಯ. ಇಲಿ ಕಡಿದ ಚರ್ಮ, ನುಸಿ ತಿಂದ ಸಾಗುವಾನಿ ನಿಜವಾದ ದೋಷಗಳು.

ಲೆಕ್ಕಕ್ಕೆ ಹಿಡಿಯಬೇಕಾದದ್ದು ಅಷ್ಟೇ ಸಾಲು ರೀಡು, ಅಷ್ಟೇ ಮನೆಗಳಿರುವ ಹೊಸ ಪೇಟಿಗೆ ಹುಬ್ಬಳ್ಳಿಯ ಅಂಗಡಿಯಲ್ಲಿ ಇಂದು ಹೇಳುವ ದರ. ಅದರಲ್ಲಿ ದುರಸ್ತಿಗಾರ ಬರೆದುಕೊಟ್ಟ ಖರ್ಚು ಮತ್ತು ಸವಕಳಿ ಕಳೆಯಬೇಕು. ವಿದೇಶಿ ರೀಡುಗಳು ಸವೆಯದೆ ಉಳಿದಿದ್ದರೆ ಮಾತ್ರ ಕೂಡಿಸಬೇಕು. ಕಂಪನಿ ನಾಟಕದ ಕಾಲುಪೇಟಿಗೆ ಈ ಲೆಕ್ಕ ಹೊಂದುವುದಿಲ್ಲ. ಅದನ್ನು ನುಡಿಸುವವರೂ ರಿಪೇರಿ ಬಲ್ಲವರೂ ವಿರಳವಾದ್ದರಿಂದ ಕೊಳ್ಳುವವರು ಹೆಚ್ಚಾಗಿ ಸಂಗ್ರಾಹಕರೇ.

ಇಂಥ ಗವಾಯಿಗಳು ನುಡಿಸಿದ್ದು ಎಂಬ ಮಾತಿಗೆ ಫೋಟೋ ಅಥವಾ ಕಾಗದದ ಆಧಾರ ಬೇಕು. ಇಲ್ಲದಿದ್ದರೆ ನಾದಕ್ಕಷ್ಟೇ ಬೆಲೆ. ಮನೆಗಳಿಗೆ ದಂತ ಹಚ್ಚಿದ್ದರೆ ವ್ಯವಹಾರಕ್ಕೇ ಇಳಿಯಬಾರದು, ವನ್ಯಜೀವಿ ಸಂರಕ್ಷಣಾ ಕಾಯ್ದೆ ಆನೆದಂತದ ಮಾರಾಟವನ್ನು ನಿಷೇಧಿಸಿದೆ. ಪೆಟ್ಟಿಗೆಯ ಮೇಲೆ ದಾನಿಯ ಹೆಸರಿದ್ದರೆ ಅದು ಮೇಳದ ಅಥವಾ ಗುಡಿಯ ಸ್ವತ್ತಾಗಿರಬಹುದು. ಆಗ ಅಲ್ಲಿನ ಹಿರಿಯರೆಲ್ಲ ಕೂಡಿ ಒಪ್ಪಿದ ಮೇಲಷ್ಟೇ ಮುಂಗಡ ಕೊಡಬೇಕು.