ಲಜ್ಜೆಯೂ ಕಾಲವಿಳಂಬವೂ: ಸ್ತನಾರ್ಬುದ ಚಿಕಿತ್ಸೆಯ ಚರಿತ್ರೆ

ಗ್ರೀಕರ ಇತಿಹಾಸಕಾರನಾದ ಹೆರೊಡೊಟಸನು ತನ್ನ ಗ್ರಂಥದ ಮೂರನೆಯ ಭಾಗದಲ್ಲಿ ಪಾರಸಿಕ ಚಕ್ರವರ್ತಿಯಾದ ದಾರಯನ ರಾಣಿ ಅಟೋಸಾ ಎಂಬಾಕೆಯ ಸಂಗತಿಯೊಂದನ್ನು ಹೇಳಿರುತ್ತಾನೆ. ಆಕೆಯ ಸ್ತನದಲ್ಲಿ ಗಂಟೊಂದು ಹುಟ್ಟಿತು. ಅದು ಚಿಕ್ಕದಾಗಿದ್ದಷ್ಟು ಕಾಲವೂ ಆಕೆಯು ಲಜ್ಜೆಯಿಂದ ಮರೆಮಾಡಿಕೊಂಡು ಯಾರೊಡನೆಯೂ ಹೇಳದೆ ಇದ್ದಳು. ಒಡೆದು ಹುಣ್ಣಾಗಿ ಸುತ್ತಲೂ ಹರಡತೊಡಗಿದ ಮೇಲೆ ಆಸ್ಥಾನದಲ್ಲಿದ್ದ ಡೆಮೊಸಿಡೀಸನೆಂಬ ಗ್ರೀಕ್ ವೈದ್ಯನನ್ನು ಕರೆಯಿಸಿದಳು. ಅವನು ಅದನ್ನು ವಾಸಿಮಾಡಿದನಂತೆ. ಅದು ನಿಜವಾಗಿ ಅರ್ಬುದವೇ ಆಗಿದ್ದಿತೋ ಬರಿಯ ವಿದ್ರಧಿಯೋ ಇಂದು ನಿಶ್ಚಯಿಸುವಂತಿಲ್ಲ. ಆ ಸ್ಥಿತಿಯಲ್ಲಿಯೂ ಗುಣವಾಯಿತೆಂಬುದನ್ನು ನೋಡಿದರೆ ವಿದ್ರಧಿಯೇ ಇದ್ದೀತೆಂದು ಊಹಿಸಬೇಕಾಗುವುದು. ಆದರೆ ಇತಿಹಾಸಕ್ಕೆ ಬೇಕಾದುದು ವ್ಯಾಧಿಯ ಹೆಸರಲ್ಲ. ಚಕ್ರವರ್ತಿಯ ಪತ್ನಿಯಾಗಿ, ದೇಶದೇಶಗಳ ವೈದ್ಯರು ಕೈಕಟ್ಟಿ ನಿಂತಿದ್ದರೂ, ಆಕೆಯು ಬಾಯಿಬಿಡಲಿಲ್ಲವೆಂಬುದೇ ಮುಖ್ಯವು. ಸ್ತನಾರ್ಬುದದ ಚರಿತ್ರೆಯು ಬಹುಮಟ್ಟಿಗೆ ಹೀಗೆ ಕಳೆದುಹೋದ ಕಾಲದ ಚರಿತ್ರೆಯಾಗಿದೆ. ಆ ಕಾಲವನ್ನು ಕಳೆದವರು ರೋಗಿಗಳು ಮಾತ್ರವಲ್ಲ, ವೈದ್ಯರೂ ಹೌದು.

ನಮ್ಮ ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದದ ಲಕ್ಷಣವನ್ನು ಹೇಳುವಾಗ, ದುಂಡಾಗಿರುವುದು, ಅಲುಗಾಡದಿರುವುದು, ಆಳವಾಗಿ ಬೇರೂರಿರುವುದು, ನಿಧಾನವಾಗಿ ಬೆಳೆಯುವುದು, ಪಕ್ವವಾಗದಿರುವುದು ಎಂಬಿವುಗಳೊಡನೆ ನೋವು ಮಂದವಾಗಿರುವುದೆಂಬ ಲಕ್ಷಣವೂ ಸೇರಿದೆ. ಈ ಕಡೆಯ ಮಾತು ಗಮನಿಸತಕ್ಕದ್ದು. ಹಲ್ಲುನೋವಿಗೆ ರಾತ್ರಿಯೇ ವೈದ್ಯನ ಬಾಗಿಲು ತಟ್ಟುವ ಮನುಷ್ಯನು ನೋಯದ ಗಂಟನ್ನು ವರ್ಷಗಟ್ಟಲೆ ಹೊತ್ತಿರುವನು. ಚಿಕಿತ್ಸಾಸ್ಥಾನದಲ್ಲಿ ಇನ್ನೊಂದು ವಿಷಯವಿದೆ: ಅರ್ಬುದದಲ್ಲಿ ಸ್ವಲ್ಪವಾದರೂ ಶೇಷವನ್ನುಳಿಸಿದರೆ ಅದು ಬೇಗನೆ ಮರಳಿ ಹುಟ್ಟುವುದು, ಉಳಿದ ಕಿಡಿಯು ಸುಡುವಂತೆ ಕೊಲ್ಲುವುದು, ಆದುದರಿಂದ ನಿಶ್ಶೇಷವಾಗಿ ತೆಗೆಯಬೇಕು. ಪಾಶ್ಚಾತ್ಯ ಶಸ್ತ್ರವೈದ್ಯರು ಬಹುಕಾಲದ ಮೇಲೆ ತಮ್ಮದೇ ದಾರಿಯಿಂದ ಇದೇ ತತ್ತ್ವಕ್ಕೆ ಬಂದರು. ಬಂದು, ಅದನ್ನು ಬಿಡಲಾರದೆ ಹೋದರು.

ರೋಗಿಯ ಮೌನಕ್ಕೆ ಲಜ್ಜೆಯೊಂದೇ ಕಾರಣವಾಗಿರಲಿಲ್ಲ. ಇಂಗ್ಲಿಷ್ ಕಾದಂಬರಿಕಾರ್ತಿಯಾದ ಫ್ಯಾನಿ ಬರ್ನಿಯು ಫ್ರೆಂಚ್ ಅಧಿಕಾರಿಯೊಬ್ಬನನ್ನು ಮದುವೆಯಾಗಿ ಪ್ಯಾರಿಸಿನಲ್ಲಿದ್ದಾಗ, 1811ನೆಯ ಸೆಪ್ಟೆಂಬರ್ 30ರಂದು ನೆಪೋಲಿಯನ್ನನ ಸೇನಾವೈದ್ಯನಾದ ಲಾರೆ ಎಂಬಾತನು ಆಕೆಯ ಬಲಸ್ತನವನ್ನು ಛೇದಿಸಿದನು. ಅರಿವಳಿಕೆಯು ಆಗ ಇರಲಿಲ್ಲ. ದ್ರಾಕ್ಷಾರಸದ ಒಂದು ಪಾನೀಯವನ್ನು ಕುಡಿಸಿ, ಮುಖದ ಮೇಲೊಂದು ತೆಳುವಾದ ಕರವಸ್ತ್ರವನ್ನು ಹೊದಿಸಿದರು. ಅದರ ಮೂಲಕ ಹೊಳೆಯುವ ಅಲಗನ್ನು ಆಕೆಯು ಕಂಡಳು. ತಂಗಿಯರ ಮನೆಗಳಲ್ಲಿ ಯಾರಿಗಾದರೂ ಇಂತಹ ಗಂಟು ಕಾಣಿಸಿದರೆ ತಡಮಾಡದಿರಲೆಂದು, ಮುಂದಿನ ವರ್ಷ ತನ್ನ ಸೋದರಿಗೆ ಇದೆಲ್ಲವನ್ನೂ ಪತ್ರದಲ್ಲಿ ಬರೆಯಲು ಕುಳಿತ ಆಕೆಗೆ ಅದನ್ನು ಮುಗಿಸಲು ತಿಂಗಳುಗಳೇ ಹಿಡಿದವು. ಆಕೆಯು ಮುಂದೆ 1840ರವರೆಗೆ ಬದುಕಿದ್ದಳು. ಆ ಪತ್ರವನ್ನು ಓದಿದವರು, ಅಂದಿನ ಸ್ತ್ರೀಯರು ಗಂಟನ್ನು ಮುಚ್ಚಿಟ್ಟರೆಂದು ಅವರನ್ನು ಸುಲಭವಾಗಿ ಆಕ್ಷೇಪಿಸಲಾರರು.

1846ರಲ್ಲಿ ಅರಿವಳಿಕೆಯು ಬಳಕೆಗೆ ಬಂದಿತು. 1867ರಲ್ಲಿ ಲಿಸ್ಟರನು ಕಾರ್ಬಾಲಿಕ್ ಆಮ್ಲದಿಂದ ವ್ರಣವು ಕೊಳೆಯದಂತೆ ಮಾಡುವ ಕ್ರಮವನ್ನು ಪ್ರಕಟಿಸಿದನು. ಅದೇ ವರ್ಷ ತನ್ನ ಸ್ವಂತ ಸೋದರಿಯ ಸ್ತನಾರ್ಬುದಕ್ಕೆ ತಾನೇ ಶಸ್ತ್ರಹಿಡಿದನು. ಇವೆರಡರ ಬಲದಿಂದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹಾಲ್ಸ್ಟೆಡ್ ಎಂಬಾತನು ಸ್ತನವನ್ನೂ ಎದೆಯ ಮಾಂಸಪೇಶಿಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಹಾಕುವ ಕ್ರಮವನ್ನು ರೂಢಿಸಿ, 1894ರಲ್ಲಿ 50 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಅದೇ ಸ್ಥಳದಲ್ಲಿ ಗಂಟು ಮರಳಿ ಹುಟ್ಟುವುದು ಗಮನಾರ್ಹವಾಗಿ ಕಡಮೆಯಾಯಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಶಿಷ್ಯರು ಗುರುವನ್ನು ಮೀರಿ ಪಕ್ಕೆಲುಬುಗಳವರೆಗೂ ಕತ್ತರಿಸಿದರು. ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಬದುಕುವರೆಂಬುದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಲಂಡನ್ನಿನಲ್ಲಿ ಜೆಫ್ರಿ ಕೇನ್ಸ್ ಎಂಬ ವೈದ್ಯನು (ಬ್ಲೇಕ್ ಕವಿಯ ಕೃತಿಗಳನ್ನು ಸಂಪಾದಿಸಿದ ಸಾಹಿತ್ಯವಿದ್ವಾಂಸನೂ ಇವನೇ) 1920ರ ದಶಕದಲ್ಲಿಯೇ ಗಂಟನ್ನಷ್ಟು ತೆಗೆದು ರೇಡಿಯಮ್ ಸೂಜಿಗಳನ್ನಿಟ್ಟು ಒಳ್ಳೆಯ ಫಲವನ್ನು ಕಂಡನು. ಅವನ ಮಾತನ್ನು ಕೇಳಿದವರು ವಿರಳ.

ಈ ವಿಷಯವು ಇತ್ಯರ್ಥವಾದುದು ಅಮೇರಿಕದ ಬರ್ನಾರ್ಡ್ ಫಿಷರನ ಪರೀಕ್ಷೆಗಳಿಂದ. ರೋಗಿಗಳನ್ನು ಚೀಟಿಯೆತ್ತಿದಂತೆ ಬೇರೆಬೇರೆ ಪಂಗಡಗಳಿಗೆ ಹಂಚಿ, ಕೆಲವರಿಗೆ ಇಡೀ ಸ್ತನವನ್ನೂ ಕೆಲವರಿಗೆ ಗಂಟನ್ನು ಮಾತ್ರವೂ ತೆಗೆದು, ಆಯುಸ್ಸನ್ನು ಲೆಕ್ಕಹಾಕುವ ಕಾರ್ಯವು 1976ರಲ್ಲಿ ಆರಂಭವಾಯಿತು. ಬದುಕಿನ ಅವಧಿಯಲ್ಲಿ ವ್ಯತ್ಯಾಸವಿಲ್ಲವೆಂದು 1985ರಲ್ಲಿ ತಿಳಿದುಬಂದಿತು. 20 ವರ್ಷಗಳ ಫಲಿತಾಂಶವು 2002ರಲ್ಲಿ ಪ್ರಕಟವಾಗಿ ಅದನ್ನೇ ದೃಢಪಡಿಸಿತು. ಇಟಲಿಯ ವೆರೊನೇಸಿಯ ಅನುಭವವೂ ಹಾಗೆಯೇ. ಹಾಲ್ಸ್ಟೆಡ್ಡನ ಲೇಖನದಿಂದ ಇಲ್ಲಿಗೆ ಹೆಚ್ಚು ಕಡಮೆ ಒಂದು ನೂರು ವರ್ಷ. ರೋಗಿಯ ವಿಳಂಬವನ್ನು ತಿಂಗಳುಗಳಲ್ಲಿ ಎಣಿಸಿ ಗದರಿಸಿದ ಶಾಸ್ತ್ರವು ತನ್ನ ವಿಳಂಬವನ್ನು ತಲೆಮಾರುಗಳಲ್ಲಿ ಎಣಿಸಬೇಕಾಯಿತು.

ಔಷಧದ ಕಥೆಯು ಇನ್ನೂ ವಿಚಿತ್ರವಾದುದು. ಅದು ಹಸುವಿನ ಕೊಟ್ಟಿಗೆಯಿಂದ ಹೊರಡುವುದು. ಕೆಲವು ದೇಶಗಳಲ್ಲಿ ಕರುಹಾಕಿದ ಹಸುವಿನ ಅಂಡಾಶಯವನ್ನು ತೆಗೆದು, ಹಾಲು ಬತ್ತದಂತೆ ಮಾಡುವ ವಾಡಿಕೆಯುಂಟೆಂದು ಗ್ಲಾಸ್ಗೋ ನಗರದ ಜಾರ್ಜ್ ಬೀಟ್ಸನ್ ಎಂಬ ವೈದ್ಯನು ತಿಳಿದನು. ಅಂಡಾಶಯಕ್ಕೂ ಸ್ತನಕ್ಕೂ ಹೀಗೊಂದು ಸಂಬಂಧವಿರುವುದಾದರೆ ಸ್ತನದ ಅರ್ಬುದವನ್ನೂ ಅದರ ಮೂಲಕವೇ ತಡೆಯಬಹುದೇ ಎಂದು ಯೋಚಿಸಿ, 1895ರಲ್ಲಿ, ಶಸ್ತ್ರದಿಂದ ಇನ್ನು ಪ್ರಯೋಜನವಿಲ್ಲವೆನಿಸಿದ್ದ 33 ವರ್ಷದ ಸ್ತ್ರೀಯೊಬ್ಬಳ ಅಂಡಾಶಯಗಳನ್ನು ತೆಗೆದನು. ಕೆಲವು ತಿಂಗಳುಗಳಲ್ಲಿ ಗಂಟುಗಳು ಕರಗಿದವು. 1896ರಲ್ಲಿ ಇದನ್ನು ಪ್ರಕಟಿಸಿದಾಗ ಅದರ ಕಾರಣವನ್ನು ಹೇಳಬಲ್ಲವರಿರಲಿಲ್ಲ; ಅಂಡಾಶಯದಿಂದ ಸ್ರವಿಸುವ ಈಸ್ಟ್ರೋಜೆನ್ ಎಂಬ ರಸವು ತಿಳಿದುಬಂದುದೇ 1920ರ ದಶಕದಲ್ಲಿ. ಆ ರಸವನ್ನು ಹಿಡಿದುಕೊಳ್ಳುವ ಗ್ರಾಹಕವೆಂಬುದು ಅರ್ಬುದದ ಕಣಗಳಲ್ಲಿದ್ದರೆ ಅವು ಅದರಿಂದಲೇ ಪುಷ್ಟಿ ಹೊಂದುವುವೆಂಬುದನ್ನು ಮುಂದೆ ಷಿಕಾಗೋವಿನ ಜೆನ್ಸನ್ನನು ತೋರಿಸಿದನು.

ಇತ್ತ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಶಾಲೆಯಲ್ಲಿ ಡೋರಾ ರಿಚರ್ಡ್ಸನ್ ಎಂಬ ರಸಾಯನಶಾಸ್ತ್ರಜ್ಞೆಯು 1962ರಲ್ಲಿ ಒಂದು ವಸ್ತುವನ್ನು ಸಿದ್ಧಪಡಿಸಿದಳು. ಗರ್ಭವನ್ನು ತಡೆಯುವುದಕ್ಕೆಂದು ಅದನ್ನು ಹುಡುಕುತ್ತಿದ್ದರು. ಇಲಿಗಳಲ್ಲಿ ತಡೆಯಿತು, ಸ್ತ್ರೀಯರಲ್ಲಿ ಅಂಡೋತ್ಪತ್ತಿಯನ್ನು ಪ್ರಚೋದಿಸಿ, ಕರೆದ ಕೆಲಸಕ್ಕೆ ವಿರುದ್ಧವಾದುದನ್ನೇ ಮಾಡಿತು! ಮೂಲೆಗೆ ಬೀಳಬೇಕಾಗಿದ್ದ ಆ ವಸ್ತುವನ್ನು ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಮೇರಿ ಕೋಲ್ ಎಂಬ ವೈದ್ಯೆಯು ಮುಂದುವರಿದ ಸ್ತನಾರ್ಬುದವುಳ್ಳ 46 ಸ್ತ್ರೀಯರಿಗೆ ಕೊಟ್ಟಾಗ 10 ಮಂದಿಗೆ ಗುಣವು ಕಂಡಿತೆಂದು 1971ರಲ್ಲಿ ವರದಿಯಾಯಿತು. ಇದೇ ಟ್ಯಾಮಾಕ್ಸಿಫೆನ್. ಗ್ರಾಹಕಗಳುಳ್ಳ ಅರ್ಬುದದಲ್ಲಿ ಶಸ್ತ್ರಚಿಕಿತ್ಸೆಯಾದ ಬಳಿಕ ಐದು ವರ್ಷ ಇದನ್ನು ಸೇವಿಸಿದರೆ ಮುಂದಿನ ಹದಿನೈದು ವರ್ಷಗಳಲ್ಲಿ ಮರಣವು ಸುಮಾರು ಮೂರನೆಯ ಒಂದು ಭಾಗ ತಗ್ಗುವುದೆಂದು 2011ರ ಸಮಗ್ರ ಗಣನೆಯಿಂದ ಗೊತ್ತಾಗಿದೆ. ಗುಳಿಗೆಯ ಬೆಲೆಯೂ ಹೆಚ್ಚಲ್ಲ. ತರುವಾಯ ಬಂದ ಔಷಧಗಳಲ್ಲಿ 1998ರಲ್ಲಿ ಅಮೇರಿಕದಲ್ಲಿ ಸಮ್ಮತಿ ಪಡೆದ ಟ್ರಾಸ್ಟುಜುಮ್ಯಾಬ್ ಮುಖ್ಯವಾದುದು. ಹರ್-2 ಎಂಬ ಅಂಶವು ಅತಿಯಾಗಿರುವ ಉಗ್ರಜಾತಿಯ ಅರ್ಬುದಕ್ಕೆ ಅದು ತಡೆಯೊಡ್ಡಿತು. ಅದಕ್ಕೇ ವಿಷದ್ರವ್ಯವನ್ನು ಸೇರಿಸಿ ಕಣದೊಳಕ್ಕೆ ಸಾಗಿಸುವ ಹೊಸ ಔಷಧಗಳು ಈಗ ಬಂದಿವೆ.

ಇಷ್ಟು ಔಷಧಗಳಿದ್ದರೂ, ಬೇಗ ಬಂದವರಿಗೂ ತಡವಾಗಿ ಬಂದವರಿಗೂ ಇರುವ ಅಂತರವು ಅಳಿಯಲಿಲ್ಲ. ಇದನ್ನು ಅಂಕೆಗಳಿಂದ ವಿಚಾರಿಸಿದ ಮೊದಲಿಗರಲ್ಲಿ ಬ್ರಿಟನ್ನಿನ ಜಾನೆಟ್ ಲೇನ್-ಕ್ಲೇಪನ್ ಸ್ಮರಣೀಯಳು. ಆಕೆಯು 1926ರಲ್ಲಿ 500 ಮಂದಿ ರೋಗಿಗಳನ್ನು ರೋಗವಿಲ್ಲದ 500 ಸ್ತ್ರೀಯರೊಡನೆ ಹೋಲಿಸಿ, ಮಕ್ಕಳ ಸಂಖ್ಯೆಯೇ ಮೊದಲಾದುವಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ತೋರಿಸಿದಳು. ಆರಂಭದಲ್ಲಿಯೇ ಶಸ್ತ್ರಚಿಕಿತ್ಸೆ ಪಡೆದವರು ಹೆಚ್ಚುಕಾಲ ಬದುಕುವರೆಂದು ಇನ್ನೊಂದು ವರದಿಯಲ್ಲಿ ಸ್ಥಾಪಿಸಿದಳು. 1929ರಲ್ಲಿ ಮದುವೆಯಾದುದರಿಂದ, ಅಂದಿನ ನಿಯಮದಂತೆ ಆಕೆಯು ಸರ್ಕಾರಿ ಕೆಲಸವನ್ನೇ ಬಿಡಬೇಕಾಯಿತು. 1938ರಲ್ಲಿ ಅಮೇರಿಕದ ಪ್ಯಾಕ್ ಮತ್ತು ಗ್ಯಾಲೊ ಎಂಬವರು ರೋಗಿಯು ಮೂರು ತಿಂಗಳು, ವೈದ್ಯನು ಒಂದು ತಿಂಗಳು ಕಳೆದರೆ ಅದು ಅನುಚಿತವಾದ ವಿಳಂಬವೆಂದು ಗೆರೆಯೆಳೆದರು. ತಪ್ಪಿನಲ್ಲಿ ವೈದ್ಯನಿಗೂ ಪಾಲುಂಟೆಂದು ಬರೆದುದು ಅವರ ಧೈರ್ಯ. 1999ರಲ್ಲಿ 87 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರು ತಿಂಗಳು ಅಥವಾ ಅದಕ್ಕೆ ಮೀರಿ ತಡಮಾಡಿದವರಲ್ಲಿ ಐದು ವರ್ಷ ಬದುಕಿದವರ ಪ್ರಮಾಣವು ನೂರಕ್ಕೆ 12ರಷ್ಟು ಕಡಮೆಯಿದ್ದಿತು.

ಭಾರತದಲ್ಲಿ 2022ರಲ್ಲಿ ಸುಮಾರು 1,92,000 ಸ್ತ್ರೀಯರಿಗೆ ಈ ರೋಗವು ಹೊಸದಾಗಿ ಬಂದಿತೆಂದೂ, ಸುಮಾರು 98,000 ಮಂದಿ ಇದರಿಂದ ತೀರಿಕೊಂಡರೆಂದೂ ಅಂದಾಜು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿರುವ ಅರ್ಬುದ ನೋಂದಣಿಯಲ್ಲಿ ಮೊದಮೊದಲು ಗರ್ಭಕಂಠದ ಅರ್ಬುದವೇ ಸ್ತ್ರೀಯರಲ್ಲಿ ಮುಂದಾಗಿದ್ದಿತು. ಈಗ ಆ ಸ್ಥಾನವು ಸ್ತನಾರ್ಬುದದ್ದು. ಮನೆಯ ಕೆಲಸ ಮುಗಿಯಲಿ, ಮಗಳ ಮದುವೆ ಕಳೆಯಲಿ, ಯಜಮಾನರಿಗೆ ಬಿಡುವಾಗಲಿ ಎಂದು ದಿನ ನೂಕುವುದನ್ನು ಇಲ್ಲಿ ಬರಿಯ ಲಜ್ಜೆಯೆನ್ನಲಾಗದು. ಮನೆಯೊಳಗಣ ಸರದಿಯಲ್ಲಿ ಗೃಹಿಣಿಯ ಶರೀರವು ಕಡೆಯದಾಗಿರುವುದೇ ಅದಕ್ಕೆ ಕಾರಣವು.

1941ರಲ್ಲಿ ತೆರೆದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಿಂದ ಈಚೆಗೆ ಎರಡು ಅಧ್ಯಯನಗಳು ಬಂದಿವೆ. ಶಸ್ತ್ರಚಿಕಿತ್ಸೆಗೆ ಸ್ವಲ್ಪ ಮುಂಚೆ ಗಂಟಿನ ಸುತ್ತಲೂ ಲಿಡೊಕೇನ್ ಎಂಬ ಸಾಮಾನ್ಯವಾದ ಸ್ಥಳೀಯ ಅರಿವಳಿಕೆಯನ್ನು ಚುಚ್ಚಿದ ಪಂಗಡದಲ್ಲಿ ರೋಗವು ಮರುಕಳಿಸದೆ ಐದು ವರ್ಷ ಕಳೆದವರು ನೂರಕ್ಕೆ 86.6, ಚುಚ್ಚದವರಲ್ಲಿ 82.6 ಎಂದು 2023ರಲ್ಲಿ ಪ್ರಕಟವಾಯಿತು. ಕೆಲವು ರೂಪಾಯಿಗಳ ಮದ್ದಿನಿಂದ ಇಷ್ಟು ಸಾಧ್ಯವೆಂಬುದನ್ನು ಬೇರೆ ಕಡೆಯೂ ಪರೀಕ್ಷಿಸಿ ನೋಡತಕ್ಕದ್ದು. ಎರಡನೆಯದು ಇದಕ್ಕಿಂತ ದೀರ್ಘವಾದುದು. 1998ರಿಂದ ಮುಂಬಯಿಯಲ್ಲಿ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷಕ್ಕೂ ಮಿಕ್ಕ ಸ್ತ್ರೀಯರನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದರಲ್ಲಿ ತರಬೇತಿ ಹೊಂದಿದ ಕಾರ್ಯಕರ್ತೆಯರು ಎರಡೆರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಸ್ತನಪರೀಕ್ಷೆ ಮಾಡಿದರು; ಯಂತ್ರವಿಲ್ಲ, ಚಿತ್ರವಿಲ್ಲ. 2021ರಲ್ಲಿ ಬಂದ ಫಲಿತಾಂಶದಂತೆ, ರೋಗವು ಬಲಿತ ಮೇಲೆ ಪತ್ತೆಯಾದವರು ಪರೀಕ್ಷಿತರಲ್ಲಿ ನೂರಕ್ಕೆ 37, ಇತರರಲ್ಲಿ 47. ಐವತ್ತು ದಾಟಿದವರಲ್ಲಿ ಈ ರೋಗದ ಮರಣವು ನೂರಕ್ಕೆ ಹತ್ತಿರಹತ್ತಿರ 30ರಷ್ಟು ಇಳಿಯಿತು. ಐವತ್ತಕ್ಕೆ ಒಳಗಿನವರಲ್ಲಿ ಮರಣವು ತಗ್ಗಿದುದು ಕಂಡುಬರಲಿಲ್ಲ. ಅವರ ವಿಷಯದಲ್ಲಿ ಉಪಾಯವನ್ನು ಇನ್ನೂ ಹುಡುಕಬೇಕಾಗಿದೆ.